ನೀರಿನಂತೆ ಕಾಣುವ ಬಾಟಲಿ: ವೇಪ್ ದ್ರಾವಣದ ಬಗ್ಗೆ ತಿಳಿಯೋಣ



ಒಂದು ಸಂಘದ ಸಭೆ. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು, ಪುಸ್ತಕ ಮುಚ್ಚಿದ ಮೇಲೆ ಒಬ್ಬ ಸದಸ್ಯೆ ಸಂಕೋಚದಿಂದಲೇ ಕೇಳಿದರು: "ಅಕ್ಕಾ, ಮಗ ಹಾಸ್ಟೆಲಿನಿಂದ ಬಂದಿದ್ದ. ಬಟ್ಟೆ ಒಗೆಯೋಣ ಅಂತ ಬ್ಯಾಗ್ ತೆಗೆದರೆ ಒಂದು ಬಾಟಲಿ ಸಿಕ್ತು. ಬಣ್ಣ ಇಲ್ಲ, ವಾಸನೆ ಇಲ್ಲ. ಏನೋ ಇದು ಅಂದ್ರೆ, 'ಗ್ಲಿಸರಿನ್ ಕಣಮ್ಮಾ, ಬರೀ ಬೇಸ್, ಏನೂ ಆಗಲ್ಲ' ಅಂದ. ಹೌದೇನಕ್ಕಾ?"

ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆದ್ದರಿಂದ ಈ ಸಲದ ಪಾಠ ಇದೇ. ಬೀಡಿ, ಸಿಗರೇಟು, ಗುಟ್ಕಾದ ಬಗ್ಗೆ ನಾವು ಬಹಳ ಕೇಳಿದ್ದೇವೆ. ಈ ಹೊಸ ವಸ್ತುವಿನ ಬಗ್ಗೆಯೂ ತಾಯಂದಿರು ತಿಳಿದಿರಬೇಕು.

ಏನಿದು ಬೇಸ್?

ಇ-ಸಿಗರೇಟು ಅಥವಾ ವೇಪ್ ಎಂದರೆ ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಸಾಧನ. ಅದರಲ್ಲಿ ಹೊಗೆಸೊಪ್ಪು ಉರಿಯುವುದಿಲ್ಲ. ಒಳಗೆ ತಂತಿಯ ಸುರುಳಿ ಕಾಯುತ್ತದೆ, ಅದರ ಮೇಲಿನ ದ್ರಾವಣ ಆವಿಯಾಗುತ್ತದೆ, ಸೇದುವವರು ಆ ಆವಿಯನ್ನು ಒಳಗೆ ಎಳೆದುಕೊಳ್ಳುತ್ತಾರೆ.

ಆ ದ್ರಾವಣದಲ್ಲಿ ಸಾಮಾನ್ಯವಾಗಿ ನಾಲ್ಕು ವಸ್ತುಗಳಿರುತ್ತವೆ. ಒಂದು, ಗ್ಲಿಸರಿನ್: ಮಂದ, ರುಚಿಯಲ್ಲಿ ಸಿಹಿ. ಎರಡು, ಪ್ರೊಪಿಲೀನ್ ಗ್ಲೈಕಾಲ್: ತೆಳು, ಔಷಧದ ಸಿರಪ್ಪುಗಳಲ್ಲೂ ಬಳಸುವಂಥದು. ಮೂರು, ನಿಕೋಟಿನ್: ಹೊಗೆಸೊಪ್ಪಿನಲ್ಲಿರುವ ಚಟ ಹಿಡಿಸುವ ವಿಷ. ನಾಲ್ಕು, ಮಾವು, ಪುದೀನ ಮುಂತಾದ ಸುವಾಸನೆ. ಸುವಾಸನೆ ಹಾಕುವ ಮೊದಲಿನ ಮಿಶ್ರಣಕ್ಕೆ ಬೇಸ್ ಎನ್ನುತ್ತಾರೆ. ಕೆಲವು ಬೇಸ್‌ನಲ್ಲಿ ನಿಕೋಟಿನ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಎರಡೂ ನೋಡಲು ಒಂದೇ ಥರ. ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಮುಂಚೆಯೇ ಯಾಕೆ ಮಾಡಿಡುತ್ತಾರೆ?

ಬ್ರಿಟನ್, ಅಮೆರಿಕದಂಥ ದೇಶಗಳಲ್ಲಿ ಇದನ್ನು ಮನೆಯಲ್ಲೇ ಬೆರೆಸಿಕೊಳ್ಳುವವರಿದ್ದಾರೆ. ಅಲ್ಲಿ ವಯಸ್ಕರಿಗೆ ವೇಪ್ ಮಾರಲು ಕಾನೂನಿನ ಅವಕಾಶವಿದೆ. ಬ್ರಿಟನ್‌ನ 2016ರ ನಿಯಮಗಳ ಪ್ರಕಾರ ನಿಕೋಟಿನ್ ಇರುವ ದ್ರಾವಣವನ್ನು 10 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ಮಾರುವಂತಿಲ್ಲ. ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಬಾರದು. ನಿಕೋಟಿನ್ ಇಲ್ಲದ ಬೇಸ್‌ಗೆ ಮಾತ್ರ ಈ ಅಳತೆಯ ಕಟ್ಟಿಲ್ಲ. ಹಾಗಾಗಿ ಬೇಸ್ ದೊಡ್ಡ ಬಾಟಲಿಯಲ್ಲಿ ಕೊಂಡು, ನಿಕೋಟಿನ್ ಸಣ್ಣ ಬಾಟಲಿಗಳಲ್ಲಿ ಕೊಂಡು, ಮನೆಯಲ್ಲಿ ಬೆರೆಸಿದರೆ ಖರ್ಚು ಕಡಿಮೆ.

ನಾವು ಶರಬತ್ತಿಗೆ ಸಕ್ಕರೆ ಪಾಕ ಮೊದಲೇ ಮಾಡಿಟ್ಟು, ಬೇಕಾದಾಗ ನಿಂಬೆ ರಸವನ್ನೋ ಪುನರ್ಪುಳಿಯನ್ನೋ ಸೇರಿಸುತ್ತೇವಲ್ಲ, ಅವರೂ ಹಾಗೇ ಮಾಡುತ್ತಾರೆ. ಒಂದೇ ಸಲ ಲೀಟರುಗಟ್ಟಲೆ ಬೇಸ್ ಬೆರೆಸಿಟ್ಟು, ಬೇಕಾದಷ್ಟು ತೆಗೆದು ಸುವಾಸನೆ ಹಾಕಿಕೊಳ್ಳುತ್ತಾರೆ. ಬೆಳಕು, ಗಾಳಿ, ಶಾಖ ತಾಗಿದರೆ ನಿಕೋಟಿನ್ ಕಂದು ಬಣ್ಣಕ್ಕೆ ತಿರುಗಿ ಕೆಡುತ್ತದೆ. ಅದಕ್ಕಾಗಿ ಕತ್ತಲಲ್ಲಿ, ತಂಪಿನಲ್ಲಿ, ಎಷ್ಟೋ ಮನೆಗಳಲ್ಲಿ ಫ್ರಿಜ್‌ನಲ್ಲೇ ಇಡುತ್ತಾರೆ. ಹಾಲು, ಜ್ಯೂಸ್ ಇಡುವ ಜಾಗದಲ್ಲಿ!

ಲೆಕ್ಕ ತಪ್ಪಿದರೆ?

ನಮ್ಮ ಸಂಘದ ಬಡ್ಡಿ ಲೆಕ್ಕ ಹಾಕುವವರಿಗೆ ಇದು ಸುಲಭ. 100 ಮಿಲಿಲೀಟರ್ ದ್ರಾವಣದಲ್ಲಿ ಮಿಲಿಲೀಟರಿಗೆ 3 ಮಿಲಿಗ್ರಾಂ ನಿಕೋಟಿನ್ ಬೇಕೆಂದರೆ ಒಟ್ಟು 300 ಮಿಲಿಗ್ರಾಂ ಬೇಕು. 20ರ ಬಾಟಲಿಯಿಂದಾದರೆ 15 ಮಿಲಿಲೀಟರ್ ಸಾಕು. ಆದರೆ ಅಮೆರಿಕದಲ್ಲಿ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಬಾಟಲಿಗಳೂ ಮಾರಾಟವಾಗಿವೆ. 20ರದು ಎಂದುಕೊಂಡು 100ರದನ್ನು ಅದೇ 15 ಮಿಲಿಲೀಟರ್ ಹಾಕಿದರೆ? 1,500 ಮಿಲಿಗ್ರಾಂ ಆಯಿತು. ಐದು ಪಟ್ಟು!

ಸಾರಿಗೆ ಉಪ್ಪು ಹೆಚ್ಚಾದರೆ ನಾಲಿಗೆ ಹೇಳುತ್ತದೆ. ಮೆಣಸಿನಪುಡಿ ಹೆಚ್ಚಾದರೆ ಬಣ್ಣವೇ ಹೇಳುತ್ತದೆ. ಇಲ್ಲಿ ನೋಡಿ ತಿಳಿಯುವುದಕ್ಕೆ ಏನೂ ಇಲ್ಲ.

"ಬರೀ ಗ್ಲಿಸರಿನ್ ತಾನೇ?"

ಆ ಹುಡುಗ ಹೇಳಿದ ಈ ಮಾತಿಗೆ ಮೂರು ಉತ್ತರಗಳಿವೆ.

1. ತಿನ್ನುವುದು ಬೇರೆ, ಉಸಿರಾಡುವುದು ಬೇರೆ. ಗ್ಲಿಸರಿನ್ ಕೈಕಾಲಿಗೆ ಹಚ್ಚುತ್ತೇವೆ, ತಿಂಡಿಯಲ್ಲೂ ಇರುತ್ತದೆ, ನಿಜ. ಹೊಟ್ಟೆಗೆ ಹೋದದ್ದು ಜೀರ್ಣವಾಗುತ್ತದೆ. ಶ್ವಾಸಕೋಶಕ್ಕೆ ಆ ಶಕ್ತಿ ಇಲ್ಲ. ಬಾಣಲೆಯಲ್ಲಿ ಎಣ್ಣೆ ಅತಿಯಾಗಿ ಕಾದಾಗ ಕಣ್ಣು ಮೂಗು ಉರಿಯುವ ಘಾಟು ಬರುತ್ತದಲ್ಲ, ಅದರಲ್ಲಿ ಅಕ್ರೋಲಿನ್ ಎಂಬ ರಾಸಾಯನಿಕವಿದೆ. ಗ್ಲಿಸರಿನ್ ಅತಿಯಾಗಿ ಕಾದರೂ ಅದೇ ಹುಟ್ಟುತ್ತದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರಿಗೆ ಶ್ವಾಸಕೋಶದ ತೀವ್ರ ಕಾಯಿಲೆ ಬಂತು. 2020ರ ಫೆಬ್ರವರಿವರೆಗೆ 2,807 ಮಂದಿ ಆಸ್ಪತ್ರೆ ಸೇರಿದ ಅಥವಾ ಸಾವಿಗೀಡಾದ ಪ್ರಕರಣಗಳು ದಾಖಲಾದವು. ಅದರಲ್ಲಿ ಸತ್ತವರು 68. ಹೆಚ್ಚಿನವರು ಸೇದಿದ್ದು ಅಂಗಡಿಯಿಂದಾಚೆ ಸಿಕ್ಕ ಗಾಂಜಾ ಅಂಶದ ದ್ರಾವಣ. ಅದರಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯೇ ಮುಖ್ಯ ಕಾರಣ ಎಂದು ತಜ್ಞರು ಕಂಡುಕೊಂಡರು. ಅದು ಮಾತ್ರೆಯಲ್ಲಿ ನುಂಗುವ, ಚರ್ಮಕ್ಕೆ ಹಚ್ಚುವ ವಸ್ತುವೇ! ಉಸಿರಿಗೆ ಹೋದಾಗ ಪ್ರಾಣಕ್ಕೇ ಎರವಾಯಿತು.

2. ಯಾವ ದರ್ಜೆಯದು ಎಂದು ಗೊತ್ತಿಲ್ಲ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಎರಡರಲ್ಲೂ ಔಷಧಕ್ಕೆ ಬಳಸುವ ದರ್ಜೆ ಬೇರೆ, ಕಾರ್ಖಾನೆಯ ದರ್ಜೆ ಬೇರೆ. ಶುದ್ಧವಲ್ಲದ್ದರಲ್ಲಿ ಡೈ ಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿರಬಹುದು. ಅದು ಮೂತ್ರಪಿಂಡವನ್ನು ಹಾಳುಮಾಡುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತದ್ದು ಇದೇ ವಿಷದಿಂದ. ಔಷಧದಲ್ಲೇ ಹೀಗಾದರೆ ಚೀಟಿಯೂ ಇಲ್ಲದ ಬಾಟಲಿಯನ್ನು ನಂಬುವುದು ಹೇಗೆ?

3. ಬರೀ ಗ್ಲಿಸರಿನ್ನೇ ಎಂದು ಹೇಳುವವರು ಯಾರು? ನಿಕೋಟಿನ್ ಇರುವ ಬೇಸ್ ಮತ್ತು ಇಲ್ಲದ ಬೇಸ್ ಕಣ್ಣಿಗೆ ಒಂದೇ. ಗಾಢ ನಿಕೋಟಿನ್ ದ್ರಾವಣ ಒಂದು ಟೀ ಚಮಚದಷ್ಟು ಹೊಟ್ಟೆಗೆ ಹೋದರೂ ಚಿಕ್ಕ ಮಗುವಿನ ಪ್ರಾಣ ಹೋಗಬಹುದು. 2014ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ಹೀಗೆಯೇ ಸತ್ತಿತು. ಮಕ್ಕಳಿಗೆ ತೆಗೆಯಲಾಗದ ಮುಚ್ಚಳ ಕಡ್ಡಾಯ ಮಾಡುವ ಕಾನೂನು ಅಲ್ಲಿ ಬಂದದ್ದು 2016ರ ಜನವರಿಯಲ್ಲಿ.

ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯಲು ಹೋಗುವ ಅಕ್ಕತಂಗಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಯಲ್ಲಿ ನೆಂದ ಹಸಿ ಸೊಪ್ಪು ಮುರಿದ ದಿನ ತಲೆಸುತ್ತು, ವಾಕರಿಕೆ, ವಾಂತಿ ಬರುವುದುಂಟು. ಎಲೆಯ ನಿಕೋಟಿನ್ ನೀರಿನಲ್ಲಿ ಬೆರೆತು ಕೈಯಿಂದ ಒಳಗೆ ಹೋಗುವುದೇ ಕಾರಣ. ಎಲೆಯಿಂದಲೇ ಹೀಗಾದರೆ, ಬೇರ್ಪಡಿಸಿದ ನಿಕೋಟಿನ್ ಕೈಮೇಲೆ ಚೆಲ್ಲಿದರೆ ಹೇಗಿರಬಹುದು?

ನಮ್ಮ ಕಾನೂನು ಏನು ಹೇಳುತ್ತದೆ?

ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಲಾಯಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಡಿಸೆಂಬರಿನಲ್ಲಿ ಕಾಯಿದೆಯಾಯಿತು. ತಯಾರಿಸುವುದು, ತರಿಸುವುದು, ಸಾಗಿಸುವುದು, ಮಾರುವುದು, ಹಂಚುವುದು, ದಾಸ್ತಾನು ಇಡುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ನಿಕೋಟಿನ್ ಇರಲಿ ಬಿಡಲಿ, ಪೂರ್ತಿ ವಸ್ತುವಾಗಲಿ ಅದರ ಭಾಗವಾಗಲಿ, ಕಾಯಿದೆ ಒಂದೇ. ತಯಾರಿಕೆ, ಮಾರಾಟಕ್ಕೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನಿಗೆ 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದ್ದರಿಂದ "ಮನೆಯಲ್ಲೇ ಕುಳಿತು ದ್ರಾವಣ ಬೆರೆಸಿ ಪ್ಯಾಕ್ ಮಾಡಿ ಕೊಡಿ, ಒಳ್ಳೆ ಕೂಲಿ" ಎಂದು ಯಾರಾದರೂ ಸಂಘದ ಬಾಗಿಲಿಗೆ ಬಂದರೆ ಮೊದಲು ಕೇಳಿ: ಏನು ದ್ರಾವಣ? ಯಾವುದಕ್ಕೆ? ಪರವಾನಗಿ ಎಲ್ಲಿ? ಉತ್ತರ ಸರಿ ಬಾರದಿದ್ದರೆ ಆ ಕೆಲಸಕ್ಕೆ ಕೈಹಾಕಬೇಡಿ. ಸಹಿ ಮಾಡಿದವರೇ ಸಿಕ್ಕಿಬೀಳುತ್ತಾರೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆಯವರು, ಸಿಗರೇಟು ಬಿಡಲಾಗದ ವಯಸ್ಕರಿಗೆ ವೇಪ್ ಅದಕ್ಕಿಂತ ಕಡಿಮೆ ಹಾನಿ ಎನ್ನುತ್ತಾರೆ. ಆದರೆ ಪೂರ್ತಿ ನಿರಪಾಯ ಎಂದು ಅವರೂ ಹೇಳುವುದಿಲ್ಲ, ಸೇದದವರೂ ಮಕ್ಕಳೂ ಮುಟ್ಟಲೇಬಾರದು ಎನ್ನುತ್ತಾರೆ.

ಮನೆಯಲ್ಲಿ ನಾವು ಮಾಡಬೇಕಾದದ್ದು

- ಹೆಸರಿಲ್ಲದ ಯಾವ ಬಾಟಲಿಯೂ ಮನೆಯಲ್ಲಿರಬಾರದು. ಫಿನಾಯಿಲ್, ಸೀಮೆಎಣ್ಣೆ, ಕೀಟನಾಶಕಕ್ಕೂ ಇದೇ ನಿಯಮ. ಜ್ಯೂಸ್ ಬಾಟಲಿಗೆ ಬಗ್ಗಿಸಿ ಇಡಲೇಬೇಡಿ.
- ಏನೆಂದು ತಿಳಿಯದ ದ್ರವವನ್ನು ಮೂಸಬೇಡಿ, ನೆಕ್ಕಿ ನೋಡಬೇಡಿ. ಮಕ್ಕಳ ಕೈಗೆ ಸಿಗದಂತೆ ತೆಗೆದಿಡಿ.
- ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ, ಸಾಬೂನು ಹಾಕಿ ಹೆಚ್ಚು ನೀರಿನಲ್ಲಿ ತೊಳೆಯಿರಿ.
- ಮಗು ಕುಡಿದಿದೆ ಎಂಬ ಅನುಮಾನ ಬಂದರೂ ಸಾಕು, ತಡಮಾಡದೆ 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿಯನ್ನು ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.

ಮಗನಿಗೆ ಏನು ಹೇಳುವುದು?

ಆ ತಾಯಿಗೆ ಸಭೆಯಲ್ಲಿ ಒಬ್ಬ ಹಿರಿಯ ಸದಸ್ಯೆ ಹೇಳಿದ ಮಾತು ಎಲ್ಲರಿಗೂ ಹಿಡಿಸಿತು: "ಬೈದು ಬಾಟಲಿ ಎಸೆದರೆ ಇನ್ನೊಂದು ತರ್ತಾನೆ ಕಣೇ, ಆಗ ನಿನಗೆ ತೋರಿಸೋದೇ ಇಲ್ಲ. ಪಕ್ಕದಲ್ಲಿ ಕೂರಿಸ್ಕೊಂಡು ಕೇಳು." ನಿಜ. ಯಾವಾಗಿನಿಂದ, ಯಾರ ಜೊತೆ, ಬಿಡೋಕೆ ಆಗ್ತಾ ಇಲ್ಲವಾ ಎಂದು ಕೇಳಿ. ಚಟ ಹಿಡಿದಿದ್ದರೆ ಅದು ನಿಕೋಟಿನ್ನಿನ ಕೆಲಸ, ಬರೀ ಹಠವಲ್ಲ. ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ದೂರವಾಣಿ 1800-112-356ಕ್ಕೆ ಕರೆ ಮಾಡಿದರೆ ಸಲಹೆ ಸಿಗುತ್ತದೆ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಹೆಸರು ಬರೆಯದ ಬಾಟಲಿಗಳು ಎಷ್ಟಿವೆ? ಇವತ್ತೇ ಮನೆಗೆ ಹೋಗಿ ಎಣಿಸಿ, ಮುಂದಿನ ಸಭೆಯಲ್ಲಿ ಹೇಳಿ.
2. ನಮ್ಮ ಊರಿನ ಹುಡುಗರು ವೇಪ್ ಸೇದುವುದನ್ನು ಯಾರಾದರೂ ನೋಡಿದ್ದೀರಾ? ಅವರಿಗೆ ಅದು ಎಲ್ಲಿಂದ ಸಿಗುತ್ತಿದೆ?
3. ಗೃಹ ಉದ್ಯೋಗ ಎಂದು ಬರುವವರನ್ನು ಸಂಘ ಯಾವ ಯಾವ ಪ್ರಶ್ನೆ ಕೇಳಬೇಕು? ಪಟ್ಟಿ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆದಿಡಿ.

ನೆನಪಿಡಿ: ಬಣ್ಣ ಇಲ್ಲ, ವಾಸನೆ ಇಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ.