ಚೀಟಿ ಕೂಗಬೇಕಿಲ್ಲ, ಶ್ರುತಿ ನಿಂತರೆ ಸಾಕು

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿ. ನಾವು ಐದು ಜನ ಸೇರಿ ಒಂದು ರಾಕ್ ಕವರ್ ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಡೀಪ್ ಪರ್ಪಲ್, ಪಿಂಕ್ ಫ್ಲಾಯ್ಡ್, ಗನ್ಸ್ ಎನ್ ರೋಸಸ್, ಮೆಟಾಲಿಕಾ ಹಾಡುಗಳನ್ನು ನುಡಿಸುತ್ತೇವೆ. ಕೊನೆಗೆ ಶಿಶುನಾಳ ಶರೀಫರ ಒಂದು ತತ್ವಪದವನ್ನು ರಾಕ್ ಧಾಟಿಯಲ್ಲಿ ಹಾಡುತ್ತೇವೆ. ಇಷ್ಟು ದಿನ ಸೀನಿಯರ್ ಒಬ್ಬರ ಗಿಟಾರ್ ನನ್ನ ಕೈಯಲ್ಲಿತ್ತು. ಅವರು ಕೆಲಸ ಸಿಕ್ಕಿ ಊರು ಬಿಟ್ಟರು, ಗಿಟಾರೂ ಹೋಯಿತು. ಮನೆಪಾಠ ಹೇಳಿ ನಾನು 22,000 ರೂಪಾಯಿ ಕೂಡಿಸಿದ್ದೇನೆ. ಬ್ಯಾಂಡಿನವರು "ಕನಿಷ್ಠ ಎಪ್ಪತ್ತು ಸಾವಿರದ್ದು ಇಲ್ಲದಿದ್ದರೆ ವೇದಿಕೆ ಮೇಲೆ ಮರ್ಯಾದೆ ಹೋಗುತ್ತೆ, ಇಎಂಐ ಮೇಲೆ ತಗೋ" ಅನ್ನುತ್ತಾರೆ. ಅಪ್ಪ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾರೆ. ನನ್ನ ಮುಖ ನೋಡಲಾರದೆ, "ಈ ತಿಂಗಳು ಚೀಟಿ ಕೂಗಿ ಕೊಡ್ತೀನಿ ಬಿಡು" ಅಂದರು. ಅದು ತಂಗಿಯ ಕಾಲೇಜು ಫೀಸಿಗೆಂದು ಕಟ್ಟುತ್ತಿರುವ ಚೀಟಿ. ಅಗ್ಗದ್ದು ಕೊಂಡರೆ ಬ್ಯಾಂಡಿಗೆ ಅವಮಾನ, ದುಬಾರಿಯದು ಕೊಂಡರೆ ಮನೆಗೆ ಭಾರ. ಏನು ಮಾಡಲಿ?
– ಹೆಸರು ಬೇಡ, ಹುಣಸಮಾರನಹಳ್ಳಿ

ಉತ್ತರ: ಮೊದಲು ಅಪ್ಪನಿಗೆ ಚೀಟಿ ಕೂಗುವುದು ಬೇಡವೆಂದು ಹೇಳಿ. ಅವಧಿಗೆ ಮುಂಚೆ ಕೂಗಿದರೆ ಎಷ್ಟು ಕಳೆದುಕೊಳ್ಳಬೇಕೆಂದು ಚೀಟಿ ಕಟ್ಟುವ ಮನೆಯ ಹುಡುಗನಾದ ನಿಮಗೆ ನಾನು ಹೇಳಬೇಕಿಲ್ಲ. ಇಎಂಐ ಕೂಡ ಬೇಡ. ನಿಮ್ಮ ಹತ್ತಿರ ಇರುವ 22,000 ರೂಪಾಯಿ ಈ ಕೆಲಸಕ್ಕೆ ಸಾಕು. ಇದು ಸಮಾಧಾನದ ಮಾತಲ್ಲ. ವರ್ಷಗಟ್ಟಲೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿ, ಈಗ ಮಕ್ಕಳಿಗೆ ಕಲಿಸುತ್ತಿರುವವನ ಲೆಕ್ಕ.

ಮರ್ಯಾದೆಯ ವಿಷಯ ಮೊದಲು ಮುಗಿಸೋಣ. ಗನ್ಸ್ ಎನ್ ರೋಸಸ್‌ನ 1987ರ ಮೊದಲ ಆಲ್ಬಮ್ ನೀವು ನೂರು ಸಲ ಕೇಳಿರುತ್ತೀರಿ. ಅದರಲ್ಲಿ ಸ್ಲ್ಯಾಷ್ ನುಡಿಸಿದ್ದು ಅಸಲಿ ಗಿಬ್ಸನ್ ಅಲ್ಲ. ಒಬ್ಬ ಕುಶಲಕರ್ಮಿ ಕೈಯಿಂದ ಮಾಡಿಕೊಟ್ಟಿದ್ದ ಲೆಸ್ ಪಾಲ್ ನಕಲು. ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಅವರ ಕಥೆ ಇದಕ್ಕಿಂತ ದೊಡ್ಡದು. ಅಂಗಡಿಯ ಗಿಟಾರ್ ಕೊಳ್ಳುವಷ್ಟು ಹಣ ಇರಲಿಲ್ಲವೆಂದು 1963ರಲ್ಲಿ ಅಪ್ಪ ಮತ್ತು ಮಗ ಕೂತು ಮನೆಯಲ್ಲೇ ಒಂದನ್ನು ಮಾಡತೊಡಗಿದರು. ಅದರ ಕುತ್ತಿಗೆಗೆ ಹಳೆಯ ಬೆಂಕಿಗೂಡಿನ ಮರ ಹಾಕಿದರು. ಮುಂದೆ ಇಡೀ ಜಗತ್ತು ಕೇಳಿದ್ದು ಅದೇ ಗಿಟಾರನ್ನು. ಕೇಳುವವರಿಗೆ ಗಿಟಾರಿನ ತಲೆಯ ಮೇಲಿನ ಹೆಸರು ಕಾಣುವುದಿಲ್ಲ. ಶ್ರುತಿ ಬಿಟ್ಟರೆ ಮಾತ್ರ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲರಿಗೂ ಗೊತ್ತಾಗುತ್ತದೆ.

ಹಾಗಾಗಿ "ಯಾವ ಬ್ರ್ಯಾಂಡು" ಅನ್ನುವ ಪ್ರಶ್ನೆ ಪಕ್ಕಕ್ಕಿಟ್ಟು "ನಾವು ಯಾವ ಹಾಡು ನುಡಿಸುತ್ತೇವೆ" ಎಂದು ಕೇಳಿಕೊಳ್ಳಿ. ಕವರ್ ಬ್ಯಾಂಡಿನ ಗಿಟಾರ್ ಒಂದೇ ಸಂಜೆಯಲ್ಲಿ ನಾಲ್ಕಾರು ಜನರ ದನಿಯಲ್ಲಿ ಮಾತಾಡಬೇಕು. ಡೀಪ್ ಪರ್ಪಲ್‌ನ ರಿಚಿ ಬ್ಲ್ಯಾಕ್‌ಮೋರ್, ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಇಬ್ಬರೂ ಮುಖ್ಯವಾಗಿ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ನುಡಿಸಿದವರು. ಅದರಲ್ಲಿರುವುದು ಸಿಂಗಲ್ ಕಾಯಿಲ್ ಪಿಕಪ್, ದನಿ ತಿಳಿ ಮತ್ತು ಚುರುಕು. ಆದರೆ ಸುತ್ತಲಿನ ವಿದ್ಯುತ್ ತಂತಿಗಳ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಅದು ಹೀರಿಕೊಳ್ಳುತ್ತದೆ. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಡಿಸ್ಟಾರ್ಷನ್ ಹಾಕಿ ನೋಡಿ, ಜೇನುಗೂಡಿನಂತೆ ಕೇಳುತ್ತದೆ. ಇದಕ್ಕೆ ಮದ್ದಾಗಿ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಂಬಕರ್ ರೂಪಿಸಿದರು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರೆ ಗುಂಯ್‌ಗುಡುವಿಕೆ ತಾನಾಗಿ ರದ್ದಾಗುತ್ತದೆ, ತಂತಿಯ ದನಿ ಮಾತ್ರ ದಪ್ಪವಾಗಿ ಉಳಿಯುತ್ತದೆ. ಸ್ಲ್ಯಾಷ್‌ಗೂ ಮೆಟಾಲಿಕಾಕ್ಕೂ ಬೇಕಾದದ್ದು ಆ ದಪ್ಪ ದನಿ.

ನಿಮ್ಮ ಪಟ್ಟಿಯಲ್ಲಿ ಎರಡೂ ಇವೆ. ಆದ್ದರಿಂದ ಎಚ್‌ಎಸ್‌ಎಸ್ ಜೋಡಣೆಯ ಗಿಟಾರ್ ಹುಡುಕಿ. ಬ್ರಿಡ್ಜ್ ಹತ್ತಿರ ಒಂದು ಹಂಬಕರ್, ಮಧ್ಯದಲ್ಲೂ ಕುತ್ತಿಗೆಯ ಹತ್ತಿರವೂ ಸಿಂಗಲ್ ಕಾಯಿಲ್. ಒಂದು ಸ್ವಿಚ್ ಸರಿಸಿದರೆ ಗಿಲ್ಮೋರ್ ದಾರಿಯಿಂದ ಸ್ಲ್ಯಾಷ್ ದಾರಿಗೆ ಬರುತ್ತೀರಿ. ನನ್ನ ಮೊದಲ ಆಯ್ಕೆ ಯಮಹಾ ಪೆಸಿಫಿಕಾ. 1990ರಲ್ಲಿ ಶುರುವಾದ ಸಾಲು ಅದು. ಅದರ 012 ಮತ್ತು 112 ಎರಡೂ ಮಾದರಿಗಳು ಎಚ್‌ಎಸ್‌ಎಸ್. ಸ್ಕ್ವೈಯರ್‌ನ ಎಚ್‌ಎಸ್‌ಎಸ್ ಸ್ಟ್ರಾಟ್ ಸಿಕ್ಕರೆ ಅದೂ ಆಗುತ್ತದೆ. ಕೋರ್ಟ್, ಐಬನೀಝ್ ಕಂಪನಿಗಳ ಆರಂಭಿಕ ಮಾದರಿಗಳನ್ನೂ ಕೈಗೆತ್ತಿಕೊಂಡು ನೋಡಿ.

ಇನ್ನು ಕುದುರೆ. ವೀಣೆಯವರು ಕುದುರೆ ಎನ್ನುವುದನ್ನೇ ನಾವು ಬ್ರಿಡ್ಜ್ ಎನ್ನುತ್ತೇವೆ. ನನ್ನ ಮೊದಲ ಎಲೆಕ್ಟ್ರಿಕ್ ಗಿಟಾರನ್ನು ನಾನು ಕೊಂಡದ್ದು ಬಣ್ಣ ನೋಡಿ. ಅದಕ್ಕೆ ಲಾಕ್ ಆಗುವ, ತೇಲುವ ಟ್ರೆಮೊಲೊ ಬ್ರಿಡ್ಜ್ ಇತ್ತು. ಒಂದು ಗಣೇಶೋತ್ಸವದ ವೇದಿಕೆಯಲ್ಲಿ ಎರಡನೇ ಹಾಡಿಗೆ ಒಂದು ತಂತಿ ಕಡಿಯಿತು. ಅಂಥ ಬ್ರಿಡ್ಜ್‌ನಲ್ಲಿ ಒಂದು ತಂತಿ ಹೋದರೆ ಸ್ಪ್ರಿಂಗ್‌ಗಳ ಸಮತೋಲ ತಪ್ಪಿ ಉಳಿದ ಐದೂ ಶ್ರುತಿ ಬಿಡುತ್ತವೆ. ನಾನು ಸೈಡಿಗೆ ಹೋಗಿ ಕೂತೆ, ಕೀಬೋರ್ಡಿನ ಗೆಳೆಯ ಉಳಿದ ಕಾರ್ಯಕ್ರಮ ನಡೆಸಿದ. ಆ ರಾತ್ರಿಯ ಸಂಕಟ ನಿಮಗೆ ಬರಬಾರದು.

ನಿಮಗಂತೂ ಇನ್ನೊಂದು ಕಾರಣವಿದೆ. ಗನ್ಸ್ ಎನ್ ರೋಸಸ್ ಹಾಡುಗಳು ಹೆಚ್ಚಾಗಿ ಅರ್ಧ ಸ್ವರ ಇಳಿಸಿದ ಶ್ರುತಿಯಲ್ಲಿವೆ, ನಿಮ್ಮ ಪಟ್ಟಿಯ ಉಳಿದವು ಹೆಚ್ಚಾಗಿ ಮಾಮೂಲು ಶ್ರುತಿಯಲ್ಲಿ. ತೇಲುವ ಬ್ರಿಡ್ಜ್ ಇಟ್ಟುಕೊಂಡು ಹಾಡಿನ ನಡುವೆ ಶ್ರುತಿ ಬದಲಿಸಲು ಸಾಧ್ಯವೇ ಇಲ್ಲ. ಆದ್ದರಿಂದ ಬ್ರಿಡ್ಜ್ ಗಟ್ಟಿಯಾಗಿ ಕೂತದ್ದಿರಲಿ. ಪೆಸಿಫಿಕಾದಂಥ ಸಾದಾ ಟ್ರೆಮೊಲೊ ಇದ್ದರೆ ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಬಿಗಿ ಮಾಡಿಸಿ. ಬ್ರಿಡ್ಜ್ ಮೈಗೆ ಅಂಟಿ ಕೂರುತ್ತದೆ, ಶ್ರುತಿ ನಿಲ್ಲುತ್ತದೆ. ಇನ್ನೂ ಸುಲಭದ ದಾರಿ ಅಂದರೆ ಇಡೀ ಕಾರ್ಯಕ್ರಮವನ್ನೇ ಅರ್ಧ ಸ್ವರ ಕೆಳಗೆ ನುಡಿಸುವುದು. ಬೇಸ್ ಗಿಟಾರಿನವರೂ ಇಳಿಸಿಕೊಳ್ಳಲಿ. ನಿಮ್ಮ ಹಾಡುಗಾರನ ಗಂಟಲು ಕೂಡ ನಿಮಗೆ ಕೃತಜ್ಞವಾಗಿರುತ್ತದೆ. ಹೀಗೆ ಇಳಿಸುವಾಗ 9ರ ತೆಳು ತಂತಿ ಸಡಿಲವೆನಿಸುತ್ತದೆ, ತುಸು ದಪ್ಪದ 10ರ ಸೆಟ್ ಹಾಕಿ.

ಈಗ ಹಣದ ಹಂಚಿಕೆ. 22,000ವನ್ನು ಪೂರ್ತಿ ಗಿಟಾರಿಗೇ ಸುರಿಯಬೇಡಿ. ಎಲೆಕ್ಟ್ರಿಕ್ ಗಿಟಾರ್ ಅರ್ಧ ವಾದ್ಯ ಮಾತ್ರ. ಉಳಿದರ್ಧ ದನಿಯನ್ನು ಕಟ್ಟುವುದು ಆಂಪ್ ಮತ್ತು ಇಫೆಕ್ಟ್. ನನ್ನ ಲೆಕ್ಕ ಹೀಗಿದೆ: ಗಿಟಾರಿಗೆ 14,000. ಬಳಸಿದ ಮಲ್ಟಿ ಇಫೆಕ್ಟ್ ಪ್ರೊಸೆಸರಿಗೆ 5,000. ಹೊಸ ತಂತಿ ಮತ್ತು ಸೆಟ್‌ಅಪ್‌ಗೆ 1,500. ಒಳ್ಳೆಯ ಕೇಬಲ್, ಅಗಲದ ಸ್ಟ್ರಾಪ್, ಬ್ಯಾಗಿಗೆ 1,500.

ಆಂಪ್ ಎಲ್ಲಿ ಎನ್ನುತ್ತೀರಾ? ಈಗ ಬೇಡ. ಹತ್ತು ವ್ಯಾಟಿನ ಪುಟ್ಟ ಆಂಪ್ ಡ್ರಮ್ಸ್ ಮುಂದೆ ಕೇಳಿಸುವುದೇ ಇಲ್ಲ, ಅದೇ ಆಂಪ್ ರಾತ್ರಿ ಮನೆಯಲ್ಲಿ ತಂಗಿಗೆ ಓದಲು ಬಿಡುವುದಿಲ್ಲ. ಗಂಟೆಗಿಷ್ಟು ಎಂದು ಕೊಡುವ ಜ್ಯಾಮ್ ರೂಮ್‌ಗಳಲ್ಲಿ ಆಂಪ್ ಇದ್ದೇ ಇರುತ್ತದೆ. ಪ್ರೊಸೆಸರ್ ಇದ್ದರೆ ಮನೆಯಲ್ಲಿ ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡಬಹುದು. ಕಾಲೇಜು ಫೆಸ್ಟ್‌ನಲ್ಲಿ ಅದನ್ನೇ ನೇರವಾಗಿ ಮಿಕ್ಸರಿಗೆ ಕೊಡಬಹುದು. ಜೂಮ್ ಕಂಪನಿಯ ಜಿ1 ಸಾಲಿನಂಥವು ಸಾಕು. ಶ್ರುತಿ ನೋಡುವ ಟ್ಯೂನರ್ ಅದರೊಳಗೇ ಬರುತ್ತದೆ. ಹಾಡಿಗೊಂದು ದನಿ ಮೊದಲೇ ಕೂಡಿಸಿಟ್ಟರೆ ವೇದಿಕೆಯ ಮೇಲೆ ಕಾಲಲ್ಲಿ ಒತ್ತಿದರಾಯಿತು.

14,000ಕ್ಕೆ ಒಳ್ಳೆಯ ಗಿಟಾರ್ ಬೇಕೆಂದರೆ ಬಳಸಿದ್ದನ್ನು ನೋಡಿ. ಬೆಂಗಳೂರಿನಲ್ಲಿ ಅದಕ್ಕೆ ಬರವಿಲ್ಲ. ಮೊದಲ ಸಂಬಳದಲ್ಲಿ ಗಿಟಾರ್ ಕೊಂಡು, ಆರು ತಿಂಗಳು ಗೋಡೆಗೆ ಒರಗಿಸಿಟ್ಟು, ಮನೆ ಬದಲಿಸುವಾಗ ಮಾರುವವರ ಊರು ಇದು. ಕೊಳ್ಳುವ ಮುನ್ನ ಆಂಪಿಗೆ ಚುಚ್ಚದೆ ಹಾಗೇ ನುಡಿಸಿ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒತ್ತಿ. ಝರ್ ಎನ್ನುವ ಅಥವಾ ಸತ್ತ ಸ್ವರ ಇದೆಯೇ ಕೇಳಿ. ಮೇಲಿನ ಫ್ರೆಟ್‌ಗಳಲ್ಲಿ ತಂತಿ ಎಳೆದು ಬಾಗಿಸಿ, ದನಿ ಕಟ್ಟಿಹೋಗಬಾರದು. ತಲೆಯ ಕಡೆಯಿಂದ ಕಣ್ಣಿಟ್ಟು ಕುತ್ತಿಗೆ ತಿರುಚಿಲ್ಲವೇ ನೋಡಿ. ತುಸು ಬಾಗಿದ ಕುತ್ತಿಗೆಯನ್ನು ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿಮಾಡಬಹುದು, ತಿರುಚಿದ್ದನ್ನು ಆಗದು. ಅಂಥದ್ದು ಪುಕ್ಕಟೆ ಕೊಟ್ಟರೂ ಬೇಡ. ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು ಅಲ್ಲೇ ಒತ್ತಿ ನುಡಿಸಿದ ಸ್ವರ ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿ. ಎರಡೂ ಒಂದೇ ಇರಬೇಕು. ಇಲ್ಲವಾದರೆ ಬ್ರಿಡ್ಜ್‌ನ ತಿರುಪುಗಳಲ್ಲಿ ಸರಿಯಾಗುತ್ತದೆಯೇ ಕೇಳಿ. ಬಿರಡೆಗಳು ಜಾರದಿರಲಿ. ಆಮೇಲೆ ಆಂಪಿಗೆ ಚುಚ್ಚಿ ನಾಬ್‌ಗಳನ್ನು ತಿರುಗಿಸಿ, ಜ್ಯಾಕ್ ಅಲುಗಾಡಿಸಿ. ಚರಪರ ಸದ್ದು ಬಂದರೆ ಗಾಬರಿ ಬೇಡ, ಎಸ್‌ಪಿ ರಸ್ತೆಯಲ್ಲಿ ಆ ಬಿಡಿಭಾಗಗಳು ಸಿಗುತ್ತವೆ, ಬೆಸುಗೆ ನಿಮಗೂ ಬರುತ್ತದೆ. ಆ ನೆಪದಲ್ಲಿ ಬೆಲೆ ಇಳಿಸಿ. ಕೊನೆಗೆ ಸ್ಟ್ರಾಪ್ ಹಾಕಿ ಹತ್ತು ನಿಮಿಷ ನಿಂತುಕೊಂಡೇ ನುಡಿಸಿ. ಕೂತಾಗ ಹಗುರವಾದದ್ದು ನಿಂತಾಗ ಭುಜ ಮುರಿಯಬಹುದು.

ಸೆಟ್‌ಅಪ್‌ಗೆ ಇಟ್ಟ ಹಣವನ್ನು ಬೇರೆಯದಕ್ಕೆ ಮುಟ್ಟಬೇಡಿ. ಅಗ್ಗದ ಗಿಟಾರ್ ಮತ್ತು ಒಳ್ಳೆಯ ಗಿಟಾರಿನ ನಡುವಿನ ಅಂತರದಲ್ಲಿ ಬಹುಪಾಲು ಅಲ್ಲೇ ತುಂಬುತ್ತದೆ. ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಫಿಂಗರ್‌ಬೋರ್ಡಿನ ಮರ ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚತೊಡಗುತ್ತದೆ. ಆಗ ಅವನ್ನು ಉಜ್ಜಿಸಿ. ಮಳೆಗಾಲದಲ್ಲಿ ನುಡಿಸಿದ ಮೇಲೆ ತಂತಿ ಒರೆಸಿಡಿ.

ಒಂದು ವಿಷಯದಲ್ಲಿ ಮಾತ್ರ ಯಾವ ಉಳಿತಾಯವೂ ಬೇಡ, ಅದು ಅರ್ತಿಂಗ್. ಗಿಟಾರಿನ ಲೋಹದ ತಂತಿಗಳು ಆಂಪಿನ ಅರ್ತಿಗೆ ಸೇರಿರುತ್ತವೆ. ಪೆಂಡಾಲಿನ ವಯರಿಂಗ್ ಕೆಟ್ಟಿದ್ದರೆ, ಕೈ ತಂತಿಯ ಮೇಲೆ ಇರುವಾಗ ತುಟಿ ಮೈಕಿಗೆ ತಾಗಿದರೆ ವಿದ್ಯುತ್ ಮೈಯೊಳಗೆ ಹಾಯುತ್ತದೆ. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೇ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಮೈಕಿನಿಂದ ವಿದ್ಯುತ್ ತಗುಲಿ ತೀರಿಕೊಂಡರು. ಗುಂಯ್‌ಗುಡುವುದು ನಿಲ್ಲಲೆಂದು ಮೂರನೇ ಪಿನ್ ಮುರಿಯುವವರನ್ನು ನಾನು ಕಂಡಿದ್ದೇನೆ. ಅದನ್ನು ಎಂದೂ ಮಾಡಬೇಡಿ, ಮಾಡಲು ಬಿಡಬೇಡಿ. ಸೌಂಡ್ ಚೆಕ್ ವೇಳೆ ಮಲ್ಟಿಮೀಟರಿನಲ್ಲಿ ತಂತಿಗೂ ಮೈಕಿಗೂ ನಡುವೆ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ತೋರಿಸಿದರೆ ವಯರಿಂಗ್ ಸರಿಯಾಗುವವರೆಗೆ ನುಡಿಸಬೇಡಿ. ಬ್ಯಾಂಡಿನಲ್ಲಿ ಎಂಜಿನಿಯರಿಂಗ್ ಓದುವವರೇ ಇದ್ದೀರಿ, ಇದು ನಿಮ್ಮದೇ ಜವಾಬ್ದಾರಿ.

ಬ್ಯಾಂಡಿನ ಗೆಳೆಯರಿಗೂ ಒಂದು ಮಾತು ಹೇಳಿ. ನಿಮ್ಮೂರ ಮುಂದಿನ ಬಳ್ಳಾರಿ ರಸ್ತೆಯಲ್ಲೇ ನಗರದ ಕಡೆ ಹೋದರೆ ಅರಮನೆ ಮೈದಾನ ಸಿಗುತ್ತದೆ. 2007ರ ಮಾರ್ಚಿನಲ್ಲಿ ಅಲ್ಲಿ ಐರನ್ ಮೇಡನ್ ನುಡಿಸಿತು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿತು. ಆ ಜನಸಾಗರದಲ್ಲಿ ನಿಂತು ಕೇಳಿದ ಎಷ್ಟೋ ಹುಡುಗರು ಮರುದಿನ ಮನೆಯಲ್ಲಿದ್ದ ಗಿಟಾರನ್ನೇ ಎತ್ತಿಕೊಂಡು ಅಭ್ಯಾಸಕ್ಕೆ ಕೂತರು. ಬೆಂಗಳೂರಿನ ರಾಕ್ ಬೆಳೆದದ್ದು ಹಾಗೆ. ಶರೀಫರ ಪದವನ್ನು ಗಿಟಾರಿನ ಜೊತೆ ದೇಶ ವಿದೇಶಗಳಲ್ಲಿ ಹಾಡಿದ ರಘು ದೀಕ್ಷಿತ್ ಓದಿದ್ದು ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರ. ನಿಮ್ಮ ಪಟ್ಟಿಯ ಕೊನೆಯ ಆ ತತ್ವಪದವನ್ನು ಮೊದಲಿಗೆ ತನ್ನಿ. ಉಳಿದ ಹಾಡುಗಳಲ್ಲಿ ಜನ ನಿಮ್ಮನ್ನು ಮೂಲದವರೊಡನೆ ಹೋಲಿಸುತ್ತಾರೆ. ಇದರಲ್ಲಿ ನಿಮ್ಮನ್ನೇ ಕೇಳುತ್ತಾರೆ.

ಬ್ರಯಾನ್ ಮೇ ಸಂಗೀತಕ್ಕಾಗಿ ಬದಿಗಿಟ್ಟ ಖಗೋಳ ಭೌತಶಾಸ್ತ್ರದ ಸಂಶೋಧನೆಯನ್ನು 2007ರಲ್ಲಿ ಮುಗಿಸಿ ಡಾಕ್ಟರೇಟ್ ಪಡೆದರು. ಅಪ್ಪನ ಜೊತೆ ಮಾಡಿದ ಆ ಗಿಟಾರ್ ಅವರ ಕೈಬಿಟ್ಟಿರಲಿಲ್ಲ, ಓದು ಕೂಡ ಬಿಡಲಿಲ್ಲ. ನೀವೂ ಎರಡನ್ನೂ ಹಿಡಿದುಕೊಳ್ಳಿ. ಅಪ್ಪ ಚೀಟಿ ಕೂಗಲು ಹೊರಟದ್ದು ನಿಮ್ಮ ಮೇಲಿನ ಪ್ರೀತಿಯಿಂದ. ಆ ಪ್ರೀತಿಗೆ ಬೇರೆ ಕೆಲಸ ಕೊಡಿ. ಅವರಿಗೆ ಟ್ರಿಪ್ ಇಲ್ಲದ ಒಂದು ದಿನ ನೋಡಿ, ಗಿಟಾರ್ ಕೊಳ್ಳಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ನೀವು ನುಡಿಸಿ, ಅವರು ಹತ್ತು ಹೆಜ್ಜೆ ದೂರ ನಿಂತು ಕೇಳಲಿ. ಎರಡು ಗಿಟಾರ್‌ಗಳ ನಡುವೆ ನಿರ್ಧಾರವಾಗದಿದ್ದರೆ ಅವರ ಕಿವಿ ಯಾವುದನ್ನು ಮೆಚ್ಚುತ್ತದೋ ಅದನ್ನೇ ಕೊಳ್ಳಿ.