ಲೀಟರಿನ ದರಕ್ಕಿಂತ ಕಿಲೋಮೀಟರಿನ ಖರ್ಚು ನೋಡು

ನೋಡಮ್ಮ, ಕಚ್ಚಾ ತೈಲದ ಬೆಲೆ ಇಳಿಯಿತು ಅನ್ನುವ ಸುದ್ದಿ ಬಂದಾಗಲೆಲ್ಲ ನೀನು ಎರಡು ಪ್ರಶ್ನೆ ಕೇಳುತ್ತೀಯ. "ದೊಡ್ಡಪ್ಪ, ಬೆಂಗಳೂರಲ್ಲಿ ಯಾವ ಬಂಕಲ್ಲಿ ಪೆಟ್ರೋಲ್ ಕಡಿಮೆಗೆ ಸಿಗುತ್ತೆ?" ಅನ್ನುವುದು ಒಂದು. "ಸ್ಕೂಟರ್ ಮಾರಿ ಕಾರು ತಗೊಳ್ಳಲಾ?" ಅನ್ನುವುದು ಇನ್ನೊಂದು. ಇಷ್ಟು ದಿನ ಫೋನಿನಲ್ಲಿ ಅರ್ಧಂಬರ್ಧ ಹೇಳಿ ಸುಮ್ಮನಾಗುತ್ತಿದ್ದೆ. ಈಗ ಪೂರ್ತಿ ಹೇಳುತ್ತೇನೆ. ನಿನ್ನ ವಾರಿಗೆಯವರು ಬಹಳ ಮಂದಿ ಇದೇ ಲೆಕ್ಕಾಚಾರದಲ್ಲಿದ್ದಾರೆ, ಅವರ ಕಿವಿಗೂ ಬೀಳಲಿ.

ನಾನು ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಡೀಸೆಲ್ ಲೆಕ್ಕ ಬರೆದು ನಿವೃತ್ತನಾದವನು. ಅಲ್ಲಿ ಲೀಟರಿಗೆ ಎಷ್ಟು ರೂಪಾಯಿ ಅಂತ ಚಾಲಕರನ್ನು ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಕೆಎಂಪಿಎಲ್, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿಸಿದೆ ಅಂತ. ಒಂದೇ ಮಾರ್ಗ, ಒಂದೇ ಮಾದರಿಯ ಬಸ್ಸು, ಅದೇ ಡೀಸೆಲ್. ಆದರೂ ಇಬ್ಬರು ಚಾಲಕರ ಕೆಎಂಪಿಎಲ್ ಬೇರೆ ಬೇರೆ. ದರ ನಮ್ಮ ಕೈಯಲ್ಲಿಲ್ಲ, ಓಟ ನಮ್ಮ ಕೈಯಲ್ಲಿದೆ. ನಾನು ಹೇಳಬೇಕಾದ್ದೆಲ್ಲ ಇಷ್ಟೇ. ಇದು ಯಾಕೆ ನಿಜ ಅನ್ನುವುದನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಕೇಳು.

ಕಚ್ಚಾ ತೈಲ ಇಳಿದ ಮಾತ್ರಕ್ಕೆ ಬಂಕಿನಲ್ಲಿ ಪೆಟ್ರೋಲ್ ಅದೇ ಅಳತೆಯಲ್ಲಿ ಇಳಿಯುವುದಿಲ್ಲ. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ ತೈಲ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ ಬಂತು. ಮುಕ್ಕಾಲು ಪಾಲು ಬೆಲೆ ಕರಗಿಹೋಯಿತು. ಅದೇ ಅವಧಿಯಲ್ಲಿ ದೆಹಲಿಯ ಪೆಟ್ರೋಲ್ ಇಳಿದದ್ದು ಸುಮಾರು 71 ರೂಪಾಯಿಯಿಂದ 60ರ ಆಸುಪಾಸಿಗೆ. ಉಳಿದದ್ದು ಎಲ್ಲಿ ಹೋಯಿತು? 2014ರ ನವೆಂಬರ್‌ನಿಂದ 2016ರ ಜನವರಿಯೊಳಗೆ ಕೇಂದ್ರ ಸರ್ಕಾರ ಒಂಬತ್ತು ಸಲ ಅಬಕಾರಿ ಸುಂಕ ಏರಿಸಿ, ಪೆಟ್ರೋಲ್ ಮೇಲೆ ಲೀಟರಿಗೆ 11.77 ರೂಪಾಯಿ ಹೆಚ್ಚು ಹಾಕಿತು. ಡಾಲರ್ ಎದುರು ರೂಪಾಯಿ ಇಳಿದು ಇನ್ನಷ್ಟು ಉಳಿತಾಯ ನುಂಗಿತು. ತೈಲ ಕೊಳ್ಳುವುದು ಡಾಲರ್ ಕೊಟ್ಟು ತಾನೆ?

2020ರಲ್ಲೂ ಹೀಗೇ ಆಯಿತು. ಏಪ್ರಿಲ್ 20ರಂದು ಅಮೆರಿಕದ ಮಾರುಕಟ್ಟೆಯಲ್ಲಿ ಕಚ್ಚಾ ತೈಲದ ವಾಯಿದೆ ದರ ಸೊನ್ನೆಗಿಂತಲೂ ಕೆಳಗಿಳಿಯಿತು. ತೈಲ ತುಂಬಿಡಲು ಜಾಗವಿಲ್ಲದೆ, ದುಡ್ಡು ಕೊಟ್ಟು ಬೇರೆಯವರಿಗೆ ದಾಟಿಸುವ ಸ್ಥಿತಿ ಬಂತು. ನಮ್ಮಲ್ಲಿ ಮೇ ತಿಂಗಳ ಮೊದಲ ವಾರದಲ್ಲೇ ಪೆಟ್ರೋಲ್ ಮೇಲೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿತು. ಬಂಕಿನ ದರ ಅದರಿಂದ ಏರಲೂ ಇಲ್ಲ, ಇಳಿಯಬೇಕಿದ್ದದ್ದು ಇಳಿಯಲೂ ಇಲ್ಲ. ನಿಜವಾಗಿ ಕೈಗೆ ಸಿಕ್ಕ ಇಳಿಕೆ ಎಂದರೆ 2021ರ ದೀಪಾವಳಿಯದು: ಕೇಂದ್ರ ಪೆಟ್ರೋಲ್ ಮೇಲೆ 5 ರೂಪಾಯಿ ಇಳಿಸಿತು, ನಮ್ಮ ರಾಜ್ಯ ಅದರ ಮೇಲೆ 7 ರೂಪಾಯಿ ಇಳಿಸಿತು. 2022ರ ಮೇನಲ್ಲಿ ಕೇಂದ್ರ ಮತ್ತೆ 8 ರೂಪಾಯಿ ಕಡಿಮೆ ಮಾಡಿತು. 2024ರ ಮಾರ್ಚ್‌ನಲ್ಲಿ ಎರಡು ರೂಪಾಯಿ ಇಳಿಯಿತು. ಮೂರೇ ತಿಂಗಳಿಗೆ, ಜೂನ್‌ನಲ್ಲಿ ನಮ್ಮ ರಾಜ್ಯದ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿ, ಬೆಂಗಳೂರಿನಲ್ಲಿ ಪೆಟ್ರೋಲ್ ಮೂರು ರೂಪಾಯಿ ಮೇಲೆ ಹೋಯಿತು.

ಯಾರನ್ನೋ ದೂರಬೇಕು ಅಂತ ಇದನ್ನು ಹೇಳುತ್ತಿಲ್ಲ. ಆ ಸುಂಕದಿಂದಲೇ ರಸ್ತೆಯೂ ಆಗಬೇಕು, ಆಸ್ಪತ್ರೆಯೂ ನಡೆಯಬೇಕು. ಆದರೆ ಒಂದು ತಿಳಿದಿರು: ಕೇಂದ್ರದ ಸುಂಕ ಲೀಟರಿಗೆ ಇಷ್ಟು ರೂಪಾಯಿ ಅಂತ ನಿಗದಿಯಾದದ್ದು. ತೈಲ ಅಗ್ಗವಾದರೂ ಅದು ತಾನಾಗಿ ಕರಗುವುದಿಲ್ಲ. ಪೆಟ್ರೋಲ್ ಇನ್ನೂ ಜಿಎಸ್‌ಟಿಯ ಒಳಗೆ ಬಂದಿಲ್ಲವಾದ್ದರಿಂದ ರಾಜ್ಯದ ತೆರಿಗೆ ಬೇರೆಯೇ ಸೇರುತ್ತದೆ. ಹಾಗಾಗಿ ಟಿವಿಯಲ್ಲಿ ತೈಲ ಇಳಿಯಿತು ಎಂದ ದಿನ ನಿನ್ನ ಖರ್ಚು ಇಳಿಯಿತು ಅಂದುಕೊಳ್ಳಬೇಡ. ಬಂಕಿನ ಬೋರ್ಡಿನಲ್ಲಿ ಇಳಿದ ದಿನ ನಂಬು. ನಾಳೆ ಏರುತ್ತದಂತೆ ಅನ್ನುವ ಗಾಳಿಮಾತು ಕೇಳಿ ರಾತ್ರಿ ಹತ್ತಕ್ಕೆ ಸಾಲಿನಲ್ಲಿ ನಿಲ್ಲಲೂ ಬೇಡ. ಎರಡು ರೂಪಾಯಿ ಏರಿದರೂ ನಿನ್ನ ಸ್ಕೂಟರಿನ ಪೂರ್ತಿ ಟ್ಯಾಂಕಿಗೆ ಹತ್ತು ರೂಪಾಯಿ ವ್ಯತ್ಯಾಸ, ಅಷ್ಟೇ. ಆ ಹೊತ್ತಿಗೆ ಮನೆಗೆ ಹೋಗಿ ಊಟ ಮಾಡಿ ಮಲಗು.

ಇನ್ನು ಎಲ್ಲಿ ಅಗ್ಗ ಅನ್ನುವ ಪ್ರಶ್ನೆ. ಒಂದೇ ಊರಿನಲ್ಲಿ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಎಚ್‌ಪಿ ಬಂಕುಗಳ ನಡುವೆ ಇರುವ ವ್ಯತ್ಯಾಸ ಸಾಮಾನ್ಯವಾಗಿ ಪೈಸೆಗಳಲ್ಲಿ. ಖಾಸಗಿ ಕಂಪನಿಗಳ ಬಂಕಿನಲ್ಲಿ ಕೆಲವೊಮ್ಮೆ ಹೆಚ್ಚೇ ಇರುತ್ತದೆ. ಅಲ್ಲಿ ಹಾಕಿಸುವ ಮುನ್ನ ಬೋರ್ಡು ನೋಡು. ಊರಿಂದ ಊರಿಗೆ ಮಾತ್ರ ಒಂದೆರಡು ರೂಪಾಯಿ ಅಂತರ ಇದೆ. ಮಂಗಳೂರಿನಲ್ಲಿ ರಿಫೈನರಿ ಇದೆ, ಬಂದರು ಇದೆ. ಅಲ್ಲಿಂದ ಹಾಸನದ ಮೇಲೆ ಹಾದು ಹೊಸಕೋಟೆ ಹತ್ತಿರದ ದೇವನಗೊಂದಿಗೆ 362 ಕಿಲೋಮೀಟರ್ ಕೊಳವೆ ಮಾರ್ಗ ಬಂದಿದೆ. ತೈಲ ಡಿಪೋದಿಂದ ದೂರದ ಊರುಗಳಿಗೆ ಪೆಟ್ರೋಲ್ ಟ್ಯಾಂಕರ್‌ನಲ್ಲೇ ಹೋಗಬೇಕು, ಆ ಸಾಗಣೆ ಖರ್ಚು ದರಕ್ಕೆ ಸೇರುತ್ತದೆ. ಆದ್ದರಿಂದಲೇ ಮಂಗಳೂರಿಗಿಂತ ಚಿಕ್ಕಮಗಳೂರು, ಶಿವಮೊಗ್ಗದಲ್ಲಿ ಪೆಟ್ರೋಲ್ ಜಾಸ್ತಿ. ರಾಜ್ಯದ ಗಡಿಯಲ್ಲಿ ತೆರಿಗೆಯ ಅಂತರ ಇನ್ನೂ ದೊಡ್ಡದು. ಕಾಸರಗೋಡಿನ ಕಡೆಯವರು ತಲಪಾಡಿ ದಾಟಿ ಬಂದು ನಮ್ಮಲ್ಲಿ ಹಾಕಿಸುತ್ತಾರೆ. ಕಾರವಾರದವರು ಗೋವಾ ಗಡಿ ದಾಟಿ ಪೋಳೆಂ ಕಡೆಗೆ ಹೋಗುತ್ತಾರೆ. ಆ ದಾರಿಯಲ್ಲಿ ನಿನಗೆ ಹೇಗೂ ಪ್ರಯಾಣವಿದ್ದರೆ, ಅಗ್ಗದ ಕಡೆ ತುಂಬಿಸಿಕೊಳ್ಳುವುದು ಜಾಣತನ. ಆದರೆ ಬರೀ ಪೆಟ್ರೋಲ್‌ಗಾಗಿ ಗಾಡಿ ತೆಗೆಯಬೇಡ.

ಲೆಕ್ಕ ಹಾಕಿಯೇ ನೋಡೋಣ. ಸುಲಭಕ್ಕೆ ಲೀಟರ್ 100 ರೂಪಾಯಿ ಅಂತಿಟ್ಟುಕೋ. ನಿನ್ನ ಸ್ಕೂಟರ್ ಲೀಟರಿಗೆ 45 ಕಿಲೋಮೀಟರ್ ಕೊಡುತ್ತದೆ ಅಂದರೆ ಕಿಲೋಮೀಟರಿಗೆ ಎರಡು ರೂಪಾಯಿ ಇಪ್ಪತ್ತೆರಡು ಪೈಸೆ. ನಾಲ್ಕು ಲೀಟರ್ ಹಾಕಿಸುತ್ತೀಯ. ಒಂದು ರೂಪಾಯಿ ಅಗ್ಗ ಅಂತ ಎರಡು ಕಿಲೋಮೀಟರ್ ಆಚೆಯ ಬಂಕಿಗೆ ಹೋದರೆ ಉಳಿಯುವುದು ನಾಲ್ಕು ರೂಪಾಯಿ. ಹೋಗಿ ಬರಲು ಸುಡುವುದು ಒಂಬತ್ತು ರೂಪಾಯಿ. ಕಾರಿನದೂ ಇದೇ ಕತೆ. ಮೂವತ್ತು ಲೀಟರ್ ತುಂಬಿಸಿ ಒಂದೊಂದು ರೂಪಾಯಿ ಉಳಿಸಿದರೆ 30 ರೂಪಾಯಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಐದು ಕಿಲೋಮೀಟರ್ ಸುತ್ತಿದರೆ ಅದು ಮುಗಿದು ಕೈಯಿಂದ ಮೂರು ರೂಪಾಯಿ ಹೋಗಿರುತ್ತದೆ.

ದೊಡ್ಡ ಸಂಸ್ಥೆಗಳಿಗೂ ಈ ಲೆಕ್ಕ ತಪ್ಪಿದ್ದಲ್ಲ. 2022ರಲ್ಲಿ ಸಗಟು ಡೀಸೆಲ್ ದರ ಚಿಲ್ಲರೆ ದರಕ್ಕಿಂತ ಲೀಟರಿಗೆ 20 ರೂಪಾಯಿಗೂ ಮೀರಿ ಹೆಚ್ಚಿತು. ಡಿಪೋದೊಳಗೇ ಡೀಸೆಲ್ ತುಂಬಿಸಿಕೊಳ್ಳುತ್ತಿದ್ದ ಬಿಎಂಟಿಸಿ ಬಸ್ಸುಗಳು ಆಗ ಊರಿನ ಬಂಕುಗಳಲ್ಲಿ ಸಾಲುಗಟ್ಟಿ ನಿಂತವು. ನೂರಾರು ಲೀಟರ್ ಹಿಡಿಯುವ ಬಸ್ಸಿಗೆ ಇಪ್ಪತ್ತು ರೂಪಾಯಿ ಅಂತರವಿದ್ದಾಗ ಒಂದಿಷ್ಟು ಖಾಲಿ ಓಟ ಓಡಿದರೂ ಲಾಭವೇ. ನಾಲ್ಕು ಲೀಟರಿನ ಸ್ಕೂಟರಿಗೆ ಒಂದು ರೂಪಾಯಿ ಅಂತರಕ್ಕೆ ಖಾಲಿ ಓಟ ಓಡಿದರೆ ನಷ್ಟ. ಎಷ್ಟು ಲೀಟರ್, ಎಷ್ಟು ಅಂತರ, ಎಷ್ಟು ದೂರ — ಮೂರನ್ನೂ ಒಟ್ಟಿಗೆ ನೋಡು.

ಹಾಗಾದರೆ ಎಲ್ಲಿ ಹಾಕಿಸಲಿ ಅನ್ನುತ್ತೀಯ. ನಿನ್ನ ದಿನದ ದಾರಿಯಲ್ಲಿರುವ, ಅಳತೆ ಸರಿಯಿರುವ ಬಂಕು ಒಂದನ್ನು ಗೊತ್ತುಮಾಡಿಕೋ. ಹುಡುಗ "ಝೀರೋ ನೋಡಿ ಮೇಡಂ" ಅಂದಾಗ ಫೋನಿನಿಂದ ತಲೆಯೆತ್ತಿ ನಿಜವಾಗಿಯೂ ನೋಡು. ಮೀಟರಿನಲ್ಲಿ ಸೊನ್ನೆ ಇದೆಯಾ, ಇವತ್ತಿನ ದರ ಇದೆಯಾ, ಎರಡನ್ನೂ ನೋಡು. ಪೈಪು ತೆಗೆಯುವವರೆಗೆ ಕಣ್ಣು ಬೇರೆಡೆ ಹೋಗದಿರಲಿ. ಅಳತೆ ಬಗ್ಗೆ ಅನುಮಾನ ಬಂದರೆ ಐದು ಲೀಟರಿನ ಅಳತೆ ಪಾತ್ರೆ ತರಿಸಿ ತೋರಿಸಿ ಅಂತ ಕೇಳು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು. ಐದು ಲೀಟರಿಗೆ 25 ಮಿಲಿಲೀಟರ್‌ಗಿಂತ ಹೆಚ್ಚು ಕೊರತೆ ಬರುವಂತಿಲ್ಲ. ಕಲಬೆರಕೆಯ ಅನುಮಾನವಿದ್ದರೆ ಫಿಲ್ಟರ್ ಪೇಪರ್ ಕೇಳು: ಅದರ ಮೇಲೆ ಒಂದು ಹನಿ ಬಿಟ್ಟರೆ ಒಳ್ಳೆಯ ಪೆಟ್ರೋಲ್ ಕಲೆ ಉಳಿಸದೆ ಆರಿಹೋಗುತ್ತದೆ. ಇದೆಲ್ಲ ಗ್ರಾಹಕರ ಹಕ್ಕು. ಕೇಳಲು ಸಂಕೋಚ ಬೇಡ, ಕೇಳುವ ದನಿಯಲ್ಲಿ ಜಗಳವೂ ಬೇಡ. ರಸ್ತೆ ಬದಿಯಲ್ಲಿ ಕ್ಯಾನಿನಲ್ಲಿಟ್ಟು ಅಗ್ಗಕ್ಕೆ ಮಾರುವವರ ಹತ್ತಿರ ಮಾತ್ರ ಯಾವತ್ತೂ ಕೊಳ್ಳಬೇಡ. ದರ ಏರುತ್ತದೆಂದು ಮನೆಯಲ್ಲಿ ಪೆಟ್ರೋಲ್ ತಂದಿಡುವ ಕೆಲಸವಂತೂ ಬೇಡವೇ ಬೇಡ. ಅದರ ಆವಿಗೆ ಒಂದು ಕಿಡಿ ಸಾಕು.

"ಪವರ್ ಹಾಕ್ಲಾ?" ಅಂತ ಕೇಳಿದರೆ "ಸಾದಾ ಪೆಟ್ರೋಲೇ ಸಾಕು" ಅನ್ನು. ಹೆಚ್ಚಿನ ಆಕ್ಟೇನಿನ ದುಬಾರಿ ಪೆಟ್ರೋಲ್ ಬೇಕಾದದ್ದು ಅದಕ್ಕೆಂದೇ ಮಾಡಿದ ಎಂಜಿನ್ನಿಗೆ. ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ, ಓದಿಕೋ. 100 ರೂಪಾಯಿಯ ಬದಲು 110 ರೂಪಾಯಿಗೆ ಹಾಕಿಸಿದರೆ ಮೋಸವಾಗುವುದಿಲ್ಲ, ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಬರುತ್ತದೆ ಅನ್ನುವ ಮಾತಿಗೂ ಬೆಲೆ ಕೊಡಬೇಡ. ಮೀಟರ್ ಕೆಡಿಸಿದವನಿಗೆ 100 ಆದರೇನು, 110 ಆದರೇನು? ಪೆಟ್ರೋಲ್ ಇರುವುದು ನೆಲದಡಿಯ ಟ್ಯಾಂಕಿನಲ್ಲಿ. ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅದರ ಬಿಸಿ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ.

ನಿಜವಾದ ಅಗ್ಗದ ಪೆಟ್ರೋಲ್ ಇರುವುದು ನಿನ್ನ ಗಾಡಿಯ ಆರೈಕೆಯಲ್ಲಿ. ಟೈರಿನಲ್ಲಿ ಗಾಳಿ ಕಡಿಮೆಯಾಗಿ, ಏರ್ ಫಿಲ್ಟರ್ ಧೂಳು ಹಿಡಿದು, ಮೈಲೇಜ್ 45ರಿಂದ 42ಕ್ಕೆ ಬಂತು ಅಂತಿಟ್ಟುಕೋ. ಬರೀ ಮೂರು ಕಿಲೋಮೀಟರ್ ಅನ್ನಿಸುತ್ತದೆ. ಆದರೆ ನೂರು ರೂಪಾಯಿಯ ಪೆಟ್ರೋಲ್‌ಗೆ ನೀನು 107 ರೂಪಾಯಿ ಕೊಟ್ಟಂತಾಯಿತು. ಯಾವ ಸರ್ಕಾರವಾದರೂ ಒಂದೇ ದಿನಕ್ಕೆ ಅಷ್ಟು ಏರಿಸಿದ್ದರೆ ಊರೆಲ್ಲ ಗಲಾಟೆ ಆಗುತ್ತಿತ್ತು, ನಮ್ಮದೇ ಟೈರು ಏರಿಸಿದರೆ ಗೊತ್ತೇ ಆಗುವುದಿಲ್ಲ. ಬಂಕಿನಲ್ಲಿ ಗಾಳಿ ಪುಕ್ಕಟೆ ಹಾಕಬೇಕು ಅನ್ನುವುದು ನಿಯಮ. ಎರಡು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ಹಾಕಿಸು. ಸರ್ವಿಸ್ ಮುಂದೂಡಬೇಡ. ಸಿಗ್ನಲ್‌ನಲ್ಲಿ ಒಂದು ನಿಮಿಷಕ್ಕೂ ಮೇಲೆ ನಿಲ್ಲಬೇಕಾದರೆ ಎಂಜಿನ್ ಆರಿಸು. ಜೋರಾಗಿ ಎಕ್ಸಿಲರೇಟರ್ ತಿರುಗಿಸಿ ಮರುಗಳಿಗೆ ಬ್ರೇಕ್ ಹಿಡಿಯುವ ಚಾಳಿ ಬಿಡು. ಕೆಎಂಪಿಎಲ್ ಚೆನ್ನಾಗಿ ತರುತ್ತಿದ್ದ ನಮ್ಮ ಚಾಲಕರೆಲ್ಲ ಮುಂದಿನ ನಿಲ್ದಾಣ ದೂರದಿಂದಲೇ ಕಂಡು, ಕಾಲು ತೆಗೆದು, ಬಸ್ಸನ್ನು ತಾನಾಗಿ ನಿಧಾನಿಸಲು ಬಿಡುತ್ತಿದ್ದವರೇ. ಡೀಸೆಲ್ ಉಳಿಯಿತು, ಬ್ರೇಕ್ ಲೈನರ್ ಉಳಿಯಿತು, ನಿಂತ ಪ್ರಯಾಣಿಕರೂ ಮುಗ್ಗರಿಸಲಿಲ್ಲ.

ಇದಕ್ಕೆಲ್ಲ ಒಂದು ಪುಟ್ಟ ಪುಸ್ತಕ ಇಡು, ಫೋನಿನಲ್ಲೇ ಆದರೂ ಸರಿ. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಓಡೋಮೀಟರ್ ಎಷ್ಟು, ಎಷ್ಟು ಲೀಟರ್ ಹಿಡಿಯಿತು ಅಂತ ಬರೆ. ಪೈಪು ತಾನಾಗಿ ನಿಂತ ಮೇಲೆ ಮತ್ತೆ ತುಂಬಿಸಲು ಬಿಡಬೇಡ. ಹೋದ ಸಲದಿಂದ ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿದರೆ ನಿನ್ನ ಕೆಎಂಪಿಎಲ್ ಸಿಕ್ಕಿತು. ಈಗ ಬಂಕುಗಳಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಕಡಿಮೆ, ಹಾಗಾಗಿ ಹಳೆಯ ಗಾಡಿಗಳ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಮೊದಲಿಂದ ಬರೆದಿಟ್ಟಿದ್ದರೆ ಇಳಿದದ್ದು ಪೆಟ್ರೋಲಿನಿಂದಲೋ, ಗಾಡಿಯ ತೊಂದರೆಯಿಂದಲೋ ಅಂತ ಮೆಕ್ಯಾನಿಕ್‌ಗೆ ಹೇಳಲು ನಿನ್ನ ಕೈಯಲ್ಲಿ ಆಧಾರ ಇರುತ್ತದೆ.

ಕೊನೆಗೆ ಕಾರಿನ ಮಾತು. ತಿಂಗಳಿಗೆ 800 ಕಿಲೋಮೀಟರ್ ಓಡುತ್ತೀಯ ಅಂದುಕೊಳ್ಳೋಣ. ಸ್ಕೂಟರಿಗೆ ಸುಮಾರು 18 ಲೀಟರ್, 1,800 ರೂಪಾಯಿ. ಅದೇ ದೂರಕ್ಕೆ ಕಾರಿಗೆ 53 ಲೀಟರ್, 5,300 ರೂಪಾಯಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇನ್ನೂ ಹೆಚ್ಚೇ. ಪೆಟ್ರೋಲ್ ಐದು ರೂಪಾಯಿ ಇಳಿಯಿತು ಅಂತಲೇ ಇಟ್ಟುಕೋ. ಸ್ಕೂಟರಿನಲ್ಲಿ ನಿನಗೆ ತಿಂಗಳಿಗೆ 90 ರೂಪಾಯಿ ಉಳಿಯಿತು. ಆ ಇಳಿಕೆ ನೋಡಿ ಕಾರು ಕೊಂಡರೆ ಪೆಟ್ರೋಲ್ ಒಂದಕ್ಕೇ ಮೂರು ಸಾವಿರಕ್ಕೂ ಮೇಲೆ ಜಾಸ್ತಿ, ಜೊತೆಗೆ ಕಂತು, ವಿಮೆ, ಪಾರ್ಕಿಂಗ್. ಇಳಿದ ದರ ಮುಂದಿನ ತಿಂಗಳು ಏರಬಹುದು, ಐದು ವರ್ಷದ ಕಂತು ಮಾತ್ರ ಇಳಿಯುವುದಿಲ್ಲ. ಕಾರು ಬೇಡ ಅನ್ನುತ್ತಿಲ್ಲ ನಾನು. ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು, ಮಳೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರಲು ಬೇಕು ಅನ್ನಿಸಿದರೆ ಕೊಂಡುಕೋ. ಆದರೆ ಪೆಟ್ರೋಲ್ 110 ರೂಪಾಯಿ ಆದರೂ ಸಾಕಬಲ್ಲೆ ಅನ್ನುವ ಲೆಕ್ಕ ಕೂಡಿಬಂದಾಗ ಕೊಂಡುಕೋ, ಇಳಿದಿದೆ ಅನ್ನುವ ಖುಷಿಯಲ್ಲಿ ಬೇಡ.

ಮುಂದೆ ಯಾವಾಗಲಾದರೂ ಬಂಕಿನ ಬೋರ್ಡಿನಲ್ಲಿ ದರ ನಿಜವಾಗಿ ಇಳಿದರೆ, ಹಳೆಯ ದರದ ಲೆಕ್ಕದಲ್ಲೇ ದುಡ್ಡು ತೆಗೆದಿಟ್ಟು, ಉಳಿದದ್ದನ್ನು ಬೇರೆ ಹಾಕು. ತೊಂಬತ್ತು ರೂಪಾಯಿ ಅಂತ ಅಸಡ್ಡೆ ಮಾಡಬೇಡ, ಹನಿಹನಿ ಕೂಡಿದರೆ ಹಳ್ಳ. ವರ್ಷ ಕಳೆಯುವಷ್ಟರಲ್ಲಿ ಒಂದು ಸರ್ವಿಸ್ ಖರ್ಚು ಅದರಲ್ಲೇ ಹುಟ್ಟುತ್ತದೆ. ಮತ್ತೆ ಏರಿದ ದಿನ ಎದೆ ಧಸಕ್ಕೆನ್ನುವುದೂ ಇಲ್ಲ. ಈ ಭಾನುವಾರ ಮೊದಲು ಟೈರಿಗೆ ಗಾಳಿ ಹಾಕಿಸು, ಟ್ಯಾಂಕ್ ತುಂಬಿಸಿ ಓಡೋಮೀಟರ್ ಬರೆದುಕೋ. ಒಂದು ತಿಂಗಳಾದ ಮೇಲೆ ನಿನ್ನ ಕೆಎಂಪಿಎಲ್ ಎಷ್ಟು ಬಂತು ಅಂತ ನನಗೆ ಕಳಿಸು. ಮುಂದಿನದ್ದನ್ನು ಆ ಲೆಕ್ಕ ನೋಡಿ ಮಾತಾಡೋಣ.