ಬುಕಿಂಗ್ ಹಣ ಕಟ್ಟುವ ಮೊದಲು

ಪುಟ್ಟೀ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ, ರಾಜಾಜಿನಗರದ ಮನೆಯಿಂದಲೇ ಓಡಾಡೋಕೆ ಕಾರು ನೋಡ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಸಂತೋಷವಾಯ್ತಮ್ಮ. ದುಡಿಯುವ ಹುಡುಗಿಗೆ ಕಾರು ಬೇಡ ಅನ್ನೋಕೆ ನಾನ್ಯಾರು? ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ, ಊರ ಜಾತ್ರೆಗೆ ಹೋಗೋಕೆ ಇರಲಿ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬಳೇ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟೋಕೆ ಮಾತ್ರ ಬೇಡ.

2025ರ ಆಗಸ್ಟ್‌ನಿಂದ ಎಲೆಕ್ಟ್ರಾನಿಕ್ ಸಿಟಿ ಮೂಲಕ ಹಾದುಹೋಗುವ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗದಲ್ಲಿ ಮೆಟ್ರೊ ಓಡುತ್ತಿದೆ. 19 ಕಿಲೋಮೀಟರಿಗೆ 16 ನಿಲ್ದಾಣ. ರಾಜಾಜಿನಗರದಲ್ಲಿ ಹಸಿರು ಮಾರ್ಗ ಹತ್ತಿ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿದರೆ ಆ ಸಿಗ್ನಲ್ ನಿನ್ನ ಕಾಲಡಿಯಲ್ಲೇ ಉಳಿದುಹೋಗುತ್ತೆ. ಕಷ್ಟವೇ ಇಲ್ಲ ಅಂತ ಹೇಳಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿಸಿ ಗರಿಷ್ಠ ಟಿಕೆಟ್ 90 ರೂಪಾಯಿ ಮಾಡಿದರು. ಜನರನ್ನು ಕಾರಿನಿಂದ ಇಳಿಸಬೇಕಾದ ಊರು ಮಾಡಬಾರದ ಕೆಲಸ ಅದು. ನಿಲ್ದಾಣದಿಂದ ಆಫೀಸಿನ ಗೇಟಿನವರೆಗಿನ ದಾರಿಯೂ ತೊಡಕಿನದೇ. ಬಿಎಂಟಿಸಿ ಫೀಡರ್ ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತೆ ಅಂತ ಮೊದಲೇ ನೋಡಿಕೊ.

ಇನ್ನು ಹೊತ್ತಿನ ವಿಚಾರ. ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದೇ ಇದು. ರಸ್ತೆ ಸಾಲದು ಅಂತ ಎಲ್ಲರೂ ಗೊಣಗುತ್ತಾರೆ. ಅದೇ ರಸ್ತೆ ಬೆಳಿಗ್ಗೆ ಏಳಕ್ಕೆ ಸಾಕಾಗಿರುತ್ತೆ, ನೋಡು. ಸ್ಟಾಕ್‌ಹೋಮ್‌ನಲ್ಲಿ 2006ರಲ್ಲಿ ನಗರದ ನಡುಭಾಗಕ್ಕೆ ಹೋಗಿಬರುವ ವಾಹನಗಳಿಗೆ, ಹೊತ್ತಿಗೊಂದು ದರದಂತೆ ಶುಲ್ಕ ಹಾಕಿ ನೋಡಿದರು. ಹೆಚ್ಚುಕಡಿಮೆ ಐದರಲ್ಲೊಂದು ವಾಹನ ಕಡಿಮೆಯಾಯ್ತು, ಅಷ್ಟಕ್ಕೇ ಸಾಲುಗಳು ಕರಗಿದವು. ಮೊದಲು ಬೇಡ ಅಂದಿದ್ದ ಜನ ಅದೇ ವರ್ಷ ಮತ ಹಾಕಿ ಇರಲಿ ಅಂದರು. ಎಲ್ಲರೂ ಕಾರು ಬಿಡಬೇಕಾಗಿಲ್ಲ ಪುಟ್ಟೀ, ಐವರಲ್ಲಿ ಒಬ್ಬರು ಬಿಟ್ಟರೂ ಉಳಿದ ನಾಲ್ವರಿಗೆ ದಾರಿ ಸಿಗುತ್ತೆ. ಆ ಒಬ್ಬಳು ನೀನಾಗು.

ಕೆಲಸಕ್ಕೆ ಸೇರುವಾಗಲೇ ಮ್ಯಾನೇಜರ್ ಹತ್ತಿರ ಮಾತಾಡು. ಎಂಟಕ್ಕೇ ಬಂದು ಬೇಗ ಹೊರಡ್ತೀನಿ ಅನ್ನು. ವಾರಕ್ಕೊಂದು ದಿನ ಮನೆಯಿಂದ ಕೆಲಸ ಮಾಡಬಹುದು ಅಂದರೆ ಎಲ್ಲರ ಹಾಗೆ ಸೋಮವಾರ, ಶುಕ್ರವಾರ ಕೇಳಬೇಡ, ಬುಧವಾರ ಕೇಳು. ಪುಕ್ಕಟೆ ಪಾರ್ಕಿಂಗ್ ಕೊಡ್ತೀವಿ ಅಂದರೆ, ಕಾರು ತರದವರಿಗೆ ಮೆಟ್ರೊ ಖರ್ಚು ಕೊಡ್ತೀರಾ ಅಂತ ಕೇಳೋಕೆ ಸಂಕೋಚ ಬೇಡ. ಪಾರ್ಕಿಂಗ್ ಜಾಗಕ್ಕೆ ಕಂಪನಿಯೂ ದುಡ್ಡು ಸುರಿದಿರುತ್ತೆ. ರಾತ್ರಿ ತಡವಾದ ದಿನ ಮಾತ್ರ ಮೆಟ್ರೊ, ಬಸ್ಸು ಅಂತ ಹಟ ಮಾಡಬೇಡ, ಆಫೀಸಿನ ಕ್ಯಾಬ್‌ನಲ್ಲೇ ಬಾ.

ಬುಕಿಂಗ್ ಹಣ ಕಟ್ಟುವ ಮೊದಲು ಒಂದು ತಿಂಗಳು ಹೀಗೆ ಓಡಾಡಿ ನೋಡಮ್ಮ. ಆಮೇಲೂ ಕಾರೇ ಬೇಕು ಅನ್ನಿಸಿದರೆ ಕೊಂಡುಕೊ, ನಾನೇ ಬಂದು ಪೂಜೆ ಮಾಡಿಸ್ತೀನಿ. ಆಫೀಸಿಗೆ ತಗೊಂಡು ಹೋಗುವ ದಿನ ಮಾತ್ರ ಅದೇ ದಾರಿಯಲ್ಲಿ ಹೋಗುವ ಗೆಳತಿಯರನ್ನೂ ಹತ್ತಿಸಿಕೊ.